ಕೊರೋನಾ ಹೋಯ್ತು, ಎದೆಯ ಢವಢವ ಹೋಗಲಿಲ್ಲ!

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಜನ 'ಗ್ಯಾಸು' ಎಂದು ನುಂಗಿಕೊಂಡ ಅಂಜಿಕೆ

ಶಿರಸಿಯಿಂದ ಸಿದ್ದಾಪುರಕ್ಕೆ ಹೊರಟ ಸಂಜೆ ಬಸ್ಸು. ಕೂರಲು ಜಾಗವಿಲ್ಲ. ನಿಂತವರ ಮೈಗೆ ಮೈ ತಾಗುತ್ತಿದೆ. ಹಿಂದಿನ ಸೀಟಿನಲ್ಲಿ ಯಾರೋ ಒಮ್ಮೆ ಗಟ್ಟಿಯಾಗಿ ಕೆಮ್ಮುತ್ತಾರೆ. ನಾಲ್ಕಾರು ತಲೆಗಳು ಒಟ್ಟಿಗೇ ಹಿಂದಕ್ಕೆ ತಿರುಗುತ್ತವೆ. ಕೆಮ್ಮಿದವರೂ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ, "ಎಂತದ್ದೂ ಇಲ್ಲ ಮಾರಾಯ್ರೆ, ಧೂಳು" ಎಂದು ಸಮಜಾಯಿಷಿ ಕೊಡುತ್ತಾರೆ.

ಕೊರೋನಾ ಇನ್ನು ಜಾಗತಿಕ ತುರ್ತುಸ್ಥಿತಿಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದೇ ಸಾರಿತು. ಮಾಸ್ಕು ಮೂಲೆ ಸೇರಿತು. ಅಂಗಡಿ ಮುಂದೆ ಬಳಿದಿದ್ದ ಸುಣ್ಣದ ವೃತ್ತಗಳು ಮಳೆಗೆ ತೊಳೆದುಹೋದವು. ಆದರೆ ಒಂದು ಕೆಮ್ಮಿಗೆ ತಲೆ ತಿರುಗುವುದು ನಿಂತಿಲ್ಲ. ರೋಗ ಮೈಯಿಂದ ಇಳಿಯಿತು, ಮನಸ್ಸಿನಿಂದ ಇಳಿಯಿತೇ?

ಇಳಿದಿಲ್ಲ ಎನ್ನುವುದಕ್ಕೆ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಔಷಧ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು ಕಿವಿಗೊಟ್ಟರೆ ಸಾಕು. "ರಾತ್ರಿ ನಿದ್ದೆ ಬರ್ತಿಲ್ಲೆ, ಎಂತಾದ್ರೂ ಮಾತ್ರೆ ಕೊಡಿ." "ಎದೆ ಹಿಡ್ಕಂಡ ಹಾಂಗೆ ಆಗ್ತದೆ, ಗ್ಯಾಸೇ ಇರಬೇಕು." "ಊಟ ಸೇರೂದಿಲ್ಲ." ಗ್ಯಾಸು, ಬೀಪಿ, ಸುಸ್ತು, ಪಿತ್ತ. ಎಷ್ಟು ಹೆಸರು ಬೇಕಾದರೂ ಹೇಳುತ್ತಾರೆ. "ಮನಸ್ಸಿಗೆ ಸರಿ ಇಲ್ಲ" ಎಂಬ ಒಂದು ಮಾತು ಮಾತ್ರ ಯಾರ ಬಾಯಿಂದಲೂ ಹೊರಡುವುದಿಲ್ಲ.

ಜಾತ್ರೆ ಮುಗಿದ ದಿನ

ಸಂಗತಿ ಶುರುವಾದದ್ದು ಹೇಗೆಂದು ಒಮ್ಮೆ ನೆನಪಿಸಿಕೊಳ್ಳಬೇಕು. 2020ರ ಮಾರ್ಚ್ 3ರಿಂದ 11ರವರೆಗೆ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ಲಕ್ಷಾಂತರ ಜನ ಸೇರಿದರು. ಬಿಡಕಿಬೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಾತ್ರೆ ಮುಗಿದ ಮಾರ್ಚ್ 11ನೇ ತಾರೀಖೇ ವಿಶ್ವ ಆರೋಗ್ಯ ಸಂಸ್ಥೆ ಇದು ಜಗತ್ತಿಗೆ ಹಬ್ಬಿದ ಸಾಂಕ್ರಾಮಿಕ ಎಂದು ಘೋಷಿಸಿತು. ಅದರ ಹಿಂದಿನ ದಿನ ಕಲಬುರಗಿಯಲ್ಲಿ ತೀರಿಕೊಂಡ ವೃದ್ಧರೊಬ್ಬರದು ದೇಶದ ಮೊದಲ ಕೊರೋನಾ ಸಾವು ಎಂದು 12ರಂದು ಗೊತ್ತಾಯಿತು. 22ರಂದು ಜನತಾ ಕರ್ಫ್ಯೂ. 24ರ ರಾತ್ರಿ ಎಂಟು ಗಂಟೆಗೆ ಟೀವಿಯಲ್ಲಿ ಪ್ರಧಾನಿಯ ಮಾತು. ಮಧ್ಯರಾತ್ರಿಯಿಂದ ದೇಶಕ್ಕೆ ದೇಶವೇ ಬೀಗ!

ಜಾತ್ರೆಯ ಗೌಜು ಕಿವಿಯಲ್ಲಿನ್ನೂ ಗುಂಯ್‌ಗುಡುತ್ತಿರುವಾಗಲೇ ಪೇಟೆ ಸ್ಮಶಾನಮೌನವಾಯಿತು. ನಿಂತ ಸರಕಾರಿ ಬಸ್ಸುಗಳು ಮತ್ತೆ ಹೊರಟದ್ದು ಮೇ 19ಕ್ಕೆ, ಅದೂ ಬಸ್ಸಿಗೆ ಮೂವತ್ತೇ ಜನರನ್ನು ಹತ್ತಿಸಿಕೊಂಡು. 2021ರ ಏಪ್ರಿಲ್ ಕೊನೆಗೆ ಎರಡನೇ ಅಲೆ. ದಿನಸಿ ಅಂಗಡಿಗೆ ಬೆಳಿಗ್ಗೆ ಆರರಿಂದ ಹತ್ತು ಗಂಟೆ ಮಾತ್ರ ಬಾಗಿಲು. ಉಳಿದವರ ಶಟರ್ ಕೆಳಗೇ.

ಹಿಂದೆ ಮಾರಿ ಬರಲಿಲ್ಲವೇ? ಬಂದಿತ್ತು. ಸಿಡುಬು, ಕಾಲರಾ ಬಂದಾಗ ಊರಿಗೆ ಊರೇ ಸೇರಿ ದೇವಿಗೆ ಹರಕೆ ಹೊತ್ತಿತು. 1898ರ ಹೊತ್ತಿಗೆ ಹುಬ್ಬಳ್ಳಿ ಕಡೆ ಪ್ಲೇಗು ಬಂದಾಗ ಜನ ಮನೆ ಬಿಟ್ಟು ಊರಾಚೆ ಗುಡಿಸಲು ಕಟ್ಟಿಕೊಂಡು ಒಟ್ಟಿಗೇ ಕುಳಿತರು. ರೋಗಕ್ಕೆ ಮದ್ದಿರಲಿಲ್ಲ, ಅಂಜಿಕೆಗೆ ಜೊತೆ ಇತ್ತು. ಈ ಸಲದ ರೋಗ ಮೊದಲು ಕಸಿದುಕೊಂಡದ್ದೇ ಆ ಜೊತೆಯನ್ನು. ಗುಡಿಗೆ ಬೀಗ, ಮದುವೆಗೆ ಲೆಕ್ಕದ ಜನ, ನೆರೆಮನೆಗೆ ಹೋಗುವುದೂ ಅಪರಾಧ. ಹೊರಗಿನಿಂದ ಬಂದವರ ಮುಂಗೈಗೆ ಮುದ್ರೆ, ಮನೆ ಬಾಗಿಲಿಗೆ ಚೀಟಿ. ಬೆಂಗಳೂರಿನಿಂದ ಊರಿಗೆ ಬಂದ ಮಗನನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಬೇಕಾದ ತಾಯಿಯ ಸಂಕಟ ಯಾವ ಸರಕಾರಿ ಲೆಕ್ಕದಲ್ಲಿ ಬಂದೀತು?

ಗಲ್ಲೆಯ ಹಿಂದೆ ಕೂತವರು

ಅಂಗಡಿಕಾರರ ವಿಷಯ ತೆಗೆದುಕೊಳ್ಳಿ. ಹೆಸರು ಬೇಡ. ಈ ಮೂರು ಪೇಟೆಗಳ ಯಾವ ಓಣಿಯಲ್ಲಾದರೂ ಇಂಥವರೊಬ್ಬರು ಸಿಕ್ಕಾರು. ಬಟ್ಟೆ ಅಂಗಡಿಯೋ, ಪಾತ್ರೆ ಅಂಗಡಿಯೋ, ಚಪ್ಪಲಿ ಅಂಗಡಿಯೋ ಇರಬಹುದು. ಏಪ್ರಿಲ್, ಮೇ ಎಂದರೆ ಮದುವೆ, ಉಪನಯನಗಳ ಕಾಲ. ವರ್ಷದ ದುಡಿಮೆಯ ದೊಡ್ಡ ಪಾಲು ಆ ಎರಡು ತಿಂಗಳಲ್ಲೇ. 2020ರಲ್ಲಿ ಆ ಎರಡು ತಿಂಗಳು ಹೋಯಿತು. 2021ರಲ್ಲೂ ಹೋಯಿತು. ಅಂಗಡಿ ಬಾಡಿಗೆ, ಸೊಸೈಟಿ ಸಾಲ, ಹುಡುಗರ ಸಂಬಳ ಹೋಗಲಿಲ್ಲ. ಪಿಗ್ಮಿ ಕಟ್ಟಿಸಿಕೊಳ್ಳುವವನು ಬಂದರೆ ಮುಖ ಕೊಡಲು ನಾಚಿಕೆ. ಉದ್ರಿ ಕೊಟ್ಟ ಗಿರಾಕಿಯನ್ನು ಕೇಳಲು ಸಂಕೋಚ, ಅವನ ಸ್ಥಿತಿಯೂ ಅದೇ ಅಲ್ಲವೇ?

ಅದು ತಲೆಗೆ ಹತ್ತಿತು. ನಸುಕಿನ ಮೂರು ಗಂಟೆಗೇ ಎಚ್ಚರ. ಎದೆ ಢವಢವ. ಮಕ್ಕಳ ಮೇಲೆ ಸುಮ್ಮಸುಮ್ಮನೆ ಸಿಟ್ಟು. ಮೊದಲು ಗಿರಾಕಿಗೆ ಕವಳದ ತಟ್ಟೆ ಮುಂದಿಟ್ಟು ಲೋಕದ ಸುದ್ದಿಯನ್ನೆಲ್ಲ ಆಡುತ್ತಿದ್ದವರು ಈಗ ಕೇಳಿದ್ದಕ್ಕೆ ಮಾತ್ರ ಉತ್ತರ. "ಎಂತಾಯ್ತು ಹೆಗಡೇರೇ, ಮೊದಲಿನ ಹಾಂಗೆ ಮಾತೇ ಇಲ್ಲವಲ್ಲ?" ಎಂದರೆ, "ಎಂತದ್ದೂ ಇಲ್ಲ ಮಾರಾಯಾ, ಸ್ವಲ್ಪ ಗ್ಯಾಸು."

ಇದನ್ನು ಬರೀ ಗ್ಯಾಸು ಎಂದು ತಳ್ಳಿಹಾಕುವ ಹಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಕೊಟ್ಟ ಲೆಕ್ಕ ನೋಡಿ. 2019ರಲ್ಲಿ ದೇಶದಲ್ಲಿ ತಾವಾಗಿ ಪ್ರಾಣ ಕಳೆದುಕೊಂಡ ವ್ಯಾಪಾರ ವೃತ್ತಿಯವರು 9,052. 2020ರಲ್ಲಿ ಆ ಸಂಖ್ಯೆ 11,716ಕ್ಕೆ ಏರಿತು. ಅದೇ ವರ್ಷ ಕೃಷಿ ನಂಬಿದವರಲ್ಲಿ ಇಂಥ ಸಾವು 10,677. ವ್ಯಾಪಾರದವರ ಸಾವು ರೈತರದ್ದನ್ನೂ ಮೀರಿತು! ಅದರಲ್ಲೂ ಎಲ್ಲಕ್ಕಿಂತ ಹೆಚ್ಚು ಸಾವು ನಮ್ಮ ಕರ್ನಾಟಕದಲ್ಲೇ: 1,772. ರೈತನ ಸಂಕಟಕ್ಕೆ ಸಭೆಗಳಾದವು, ಪರಿಹಾರದ ಮಾತಾಯಿತು. ಗಲ್ಲೆಯ ಹಿಂದೆ ಕೂತವನ ಸಂಕಟ ಯಾರಿಗೂ ಕಾಣಲಿಲ್ಲ. ಶಟರ್ ಎತ್ತಿದ್ದಾನೆ, ಅಂದ ಮೇಲೆ ಸುಖವಾಗಿದ್ದಾನೆ ಎಂದೇ ಎಲ್ಲರ ಲೆಕ್ಕ.

ಸಿದ್ದಾಪುರಕ್ಕೆ ಎರಡು ಜ್ವರ

ಸಿದ್ದಾಪುರ ತಾಲೂಕಿನ ಹಳ್ಳಿಗಳಿಗೆ ಜ್ವರದ ಅಂಜಿಕೆ ಹೊಸದಲ್ಲ. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಈ ಸೀಮೆಯನ್ನು ಬಿಟ್ಟು ಹೋಗಿಯೇ ಇಲ್ಲ. ಚಳಿಗಾಲ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಕಾಡಿನಲ್ಲಿ ಉಣುಗು ಹೆಚ್ಚುತ್ತದೆ. ದರಕು ತರಲು ಬೆಟ್ಟಕ್ಕೆ ಹೋಗುವ ಹೆಂಗಸರು, ದನ ಹೊಡೆದುಕೊಂಡು ಹೋಗುವವರು ಅದರ ಬಾಯಿಗೆ ಸಿಗುತ್ತಾರೆ. ಎಲ್ಲಾದರೂ ಮಂಗ ಸತ್ತು ಬಿದ್ದ ಸುದ್ದಿ ಬಂದರೆ ಇಡೀ ಊರಿಗೆ ನಿದ್ದೆಯಿಲ್ಲ.

2020ರ ಬೇಸಿಗೆಯಲ್ಲಿ ಈ ತಾಲೂಕಿಗೆ ಎರಡೂ ಒಟ್ಟಿಗೇ ಬಂದವು. ಮೈ ಬಿಸಿಯಾದರೆ ಮಂಗನದೋ, ಕೊರೋನಾದ್ದೋ? ಆಸ್ಪತ್ರೆಗೆ ಹೋದರೆ ಎಲ್ಲಿಗೆ ಒಯ್ದಾರು, ಯಾರು ಜೊತೆಗಿದ್ದಾರು, ವಾಪಸ್ ಬಂದರೆ ಊರವರು ಏನೆಂದಾರು? ಜ್ವರವನ್ನೇ ಮುಚ್ಚಿಟ್ಟುಕೊಳ್ಳುವ ಸ್ಥಿತಿ. ಹಾಗೆ ಮುಚ್ಚಿಡುವುದು ಎರಡೂ ರೋಗದಲ್ಲಿ ಜೀವಕ್ಕೇ ಅಪಾಯ. 2024ರಲ್ಲಿ ಮಂಗನ ಕಾಯಿಲೆ ಸಿದ್ದಾಪುರ ತಾಲೂಕಿನಲ್ಲಿ ಮತ್ತೆ ಬಿರುಸಾಗಿ ಕಾಣಿಸಿಕೊಂಡಾಗ ಹಳೆಯ ಅಂಜಿಕೆಯೂ ಎದ್ದು ಕೂತಿತು.

ಅಂಜಿಕೆ ಕೆಟ್ಟದ್ದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಾಡುದಾರಿಯಲ್ಲಿ ಹುಲಿ ಎದುರಾದರೆ ಎದೆ ಬಡಿದುಕೊಳ್ಳಲೇಬೇಕು. ಆಗಲೇ ಕಾಲಿಗೆ ಓಡುವ ಬಲ ಬರುವುದು. ಹುಲಿ ಹೋದ ಮೇಲೆ ಎದೆ ತಣ್ಣಗಾಗಬೇಕು, ಅದು ಮೈಯ ಧರ್ಮ. ಆದರೆ ಎರಡು ವರ್ಷ ಹುಲಿ ಹಿತ್ತಲಲ್ಲೇ ಕೂತಿದ್ದರೆ? ಬಡಿಯುವುದೇ ಎದೆಗೆ ಅಭ್ಯಾಸವಾಗುತ್ತದೆ. ಹುಲಿ ಹೋದರೂ ನಿಲ್ಲುವುದಿಲ್ಲ. ವೈದ್ಯರು ಆತಂಕದ ಕಾಯಿಲೆ ಎನ್ನುವುದು ಇದಕ್ಕೇ.

ಯಲ್ಲಾಪುರ: ಗಾಯದ ಮೇಲೆ ಬರೆ

ಯಲ್ಲಾಪುರದ್ದು ಇನ್ನೊಂದು ಕಥೆ. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಲಾರಿಗಳನ್ನೇ ನಂಬಿದ ಊಟದ ಮನೆಗಳು, ಟಯರ್ ಅಂಗಡಿಗಳು, ಚಾ ಗೂಡುಗಳು ಅಲ್ಲಿ. ಎರಡನೇ ಅಲೆ ಇಳಿದು 2021ರ ಜೂನ್‌ನಲ್ಲಿ ಬಾಗಿಲು ತೆರೆದು ಉಸಿರು ಬಿಡುವಷ್ಟರಲ್ಲಿ ಜುಲೈ 22, 23ರ ಮಹಾಮಳೆ. ಅರಬೈಲು ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್. ಗುಳ್ಳಾಪುರದ ಸೇತುವೆ ಗಂಗಾವಳಿಯ ಪಾಲು. ಕಳಚೆಯಲ್ಲಿ ತೋಟಕ್ಕೆ ತೋಟವೇ ಜಾರಿ ಹೋಯಿತು. ತಲೆಮಾರುಗಳು ಕಟ್ಟಿದ ಅಡಿಕೆ ತೋಟ ಒಂದು ರಾತ್ರಿಯಲ್ಲಿ ಕೆಸರು!

ರೋಗದಿಂದ ಹೆದರಿ ಮನೆಯೊಳಗೆ ಕೂತವರಿಗೆ ಕೊನೆಗೆ ಮನೆಯೂ ಭದ್ರವಲ್ಲ ಎಂದಾಯಿತು. ಹಾನಿಯ ಪಂಚನಾಮೆಗೆ ಅಧಿಕಾರಿಗಳು ಬಂದರು, ಮಂತ್ರಿಗಳು ಬಂದರು. ಬಿದ್ದ ಅಡಿಕೆ ಮರಗಳನ್ನು ಎಣಿಸಿದರು. ಮಳೆ ಜೋರಾದ ರಾತ್ರಿ ಗುಡ್ಡದ ಕಡೆ ಕಿವಿಯಿಟ್ಟು ಕೂತವರ ನಿದ್ದೆಯನ್ನು ಯಾವ ಪಂಚನಾಮೆಯಲ್ಲಿ ಬರೆದುಕೊಳ್ಳಬೇಕು?

ಅಳದೆ ಉಳಿದ ದುಃಖ

ಸಾವಿನ ಮನೆಗೆ ಹೋಗುವುದು ನಮ್ಮಲ್ಲಿ ಮದುವೆಗೆ ಹೋಗುವುದಕ್ಕಿಂತ ದೊಡ್ಡ ಕರ್ತವ್ಯ. ಹೋಗಿ ಏನೂ ಹೇಳಬೇಕಿಲ್ಲ. ಜಗಲಿಯ ಮೇಲೆ ಸುಮ್ಮನೆ ಕೂತು ಬಂದರೂ ಆ ಮನೆಯವರಿಗೆ ಅರ್ಧ ಭಾರ ಇಳಿದಂತೆ. ಕೊರೋನಾದಲ್ಲಿ ಹೋದವರ ಮನೆಗೆ ಆ ಭಾಗ್ಯವಿರಲಿಲ್ಲ. ಮುಖ ನೋಡಲಿಲ್ಲ, ಬೆರಳೆಣಿಕೆಯ ಜನರಲ್ಲಿ ದಹನ ಮುಗಿಯಿತು. ಅಪ್ಪನನ್ನು ಅಂಬ್ಯುಲೆನ್ಸ್ ಹತ್ತಿಸಿದ್ದೇ ಕೊನೆಯ ನೋಟ ಎಂಬ ಮನೆಗಳು ಇವತ್ತಿಗೂ ಇವೆ. ಆಗ ಅಳಲು ಬಿಡುವಿರಲಿಲ್ಲ. ಈಗ ಅತ್ತರೆ, "ಇಷ್ಟು ವರ್ಷ ಆಯ್ತಲ್ಲ, ಇನ್ನೂ ಎಂತಕ್ಕೆ?" ಎನ್ನುತ್ತಾರೆ. ಅಳದೆ ಉಳಿದ ದುಃಖಕ್ಕೆ ವರ್ಷದ ಲೆಕ್ಕವಿಲ್ಲ ಎಂದು ಇವರಿಗೆ ಹೇಳುವವರು ಯಾರು?

ಕುಡಿತದ್ದು ಬೇರೆಯೇ ಪಾಡು. 2020ರ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಸಾರಾಯಿ ಅಂಗಡಿಗಳು ಬಂದ್. ನಿತ್ಯ ಕುಡಿಯುವವರಿಗೆ ಒಮ್ಮೆಗೇ ನಿಂತರೆ ಎರಡು ಮೂರು ದಿನದಲ್ಲಿ ಕೈ ನಡುಕ, ಭ್ರಮೆ, ಫಿಟ್ಸು ಬರಬಹುದು. ಅದು ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ. ಎಷ್ಟೋ ಮನೆಗಳಲ್ಲಿ ಅದನ್ನು ನಾಟಕ ಎಂದರು, ಇಲ್ಲವೇ ದೆವ್ವ ಎಂದರು. ಅಂಗಡಿ ತೆರೆದ ಮೇಲೆ ಅಂಜಿಕೆ ಮರೆಯಲು ಹೊಸದಾಗಿ ಹಿಡಿದವರೂ ಉಂಟು.

ಮಕ್ಕಳೋ? ಶಾಲೆಗೆ ಬೀಗ ಬಿದ್ದಾಗ ಪಾಠ ಫೋನಿಗೆ ಬಂತು. ಫೋನಿಗೆ ನೆಟ್‌ವರ್ಕ್ ಬೇಕಲ್ಲ! ಈ ಮೂರು ತಾಲೂಕಿನ ಹಳ್ಳಿಗಳಲ್ಲಿ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದರು. ಗುಡ್ಡದ ತಲೆಯ ಮೇಲೆ ಗುಡಿಸಲು ಕಟ್ಟಿಕೊಂಡು ಪಾಠ ಕೇಳಿದರು. ಪತ್ರಿಕೆಗಳು ಅವರ ಚಿತ್ರ ಹಾಕಿ ಹೊಗಳಿದವು. ಗುಡ್ಡ ಹತ್ತಲಾಗದೆ, ಫೋನು ಕೊಳ್ಳಲಾಗದೆ ಹಿಂದುಳಿದ ಮಕ್ಕಳ ಚಿತ್ರ ಯಾರೂ ಹಾಕಲಿಲ್ಲ. ಗೆಳೆಯರಿಲ್ಲದೆ ಕಳೆದ ಎರಡು ವರ್ಷ ಆ ವಯಸ್ಸಿಗೆ ಸಣ್ಣದಲ್ಲ. ಆ ಮಕ್ಕಳು ಶಾಲೆಗೆ ಹೋಗಲು ಹಟ ಮಾಡಿದರೆ, ನಾಲ್ಕು ಜನರ ಎದುರು ಬಾಯಿ ಬಿಡದಿದ್ದರೆ ಹೊಡೆದು ಪ್ರಯೋಜನವಿಲ್ಲ.

ಇದು ನಮ್ಮೂರಿನ ಹಣೆಬರಹ ಮಾತ್ರವೇ? ಅಲ್ಲ. ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆ ಜಗತ್ತಿನಲ್ಲಿ ಶೇ. 25ರಷ್ಟು ಹೆಚ್ಚಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಹೆಚ್ಚು ನಲುಗಿದವರು ಹೆಂಗಸರು ಮತ್ತು ಹರೆಯದವರು.

ಧಾರವಾಡದ ಬಸ್ಸು

ಹಾಗಾದರೆ ಔಷಧವಿಲ್ಲವೇ? ಉಂಟು. ಔಷಧಕ್ಕೆ ಅಡ್ಡ ನಿಂತಿರುವುದು ಒಂದು ಊರಿನ ಹೆಸರು!

ಧಾರವಾಡದಲ್ಲಿ 1845ರಲ್ಲಿ ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆ ಶುರುವಾಯಿತು. ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಿಂದಲೂ ಘಟ್ಟದ ಮೇಲಿನವರಿಗೆ ಗೊತ್ತಿದ್ದ ಮನೋರೋಗದ ಆಸ್ಪತ್ರೆ ಅದೊಂದೇ. ಹಾಗಾಗಿ ಯಾರಾದರೂ ಸ್ವಲ್ಪ ಹೆಚ್ಚುಕಡಿಮೆ ಮಾತಾಡಿದರೆ, "ಇವನ್ನ ಧಾರವಾಡದ ಬಸ್ಸು ಹತ್ತಿಸ್ರೋ" ಎಂಬ ಕುಚೋದ್ಯ ಹುಟ್ಟಿಕೊಂಡಿತು. ಪೇಡೆಯ ಊರಿಗೆ, ಕವಿಗಳ ಊರಿಗೆ ಹೀಗೊಂದು ಅಪವಾದ! ಇಂದು ಅದು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆ. ಮನಸ್ಸಿನ ಜೊತೆ ನರರೋಗಕ್ಕೂ ಅಲ್ಲಿ ಚಿಕಿತ್ಸೆ ಇದೆ, ನೋಡಿಸಿಕೊಂಡು ಸಂಜೆಗೇ ಮನೆಗೆ ಮರಳುವವರು ಬೇಕಾದಷ್ಟು. ಆದರೂ ಧಾರವಾಡಕ್ಕೆ ಹೋಗುವವರು ಇವತ್ತೂ "ಹುಬ್ಬಳ್ಳಿಗೆ ಬಟ್ಟೆ ತರಲು ಹೊರಟೆ" ಎಂದು ಸುಳ್ಳು ಹೇಳಿ ಬಸ್ಸು ಹತ್ತಬೇಕು. ಮನೆಯಲ್ಲಿ ಮಗಳಿದ್ದರೆ ಕೇಳುವುದೇ ಬೇಡ, ಸಂಬಂಧ ತಪ್ಪೀತೆಂಬ ಅಂಜಿಕೆ.

ಈ ನಾಚಿಕೆಯ ಬೆಲೆ ಎಷ್ಟು? ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ. ಕಾಯಿಲೆಯಿಂದ ಕಾಯಿಲೆಗೆ ಲೆಕ್ಕ ಬೇರೆಯಾದರೂ ಅವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಇಲ್ಲ. ಇದು ಕೊರೋನಾಕ್ಕಿಂತ ಮೊದಲಿನ ಮಾತು!

ಧಾರವಾಡಕ್ಕಿಂತ ಹತ್ತಿರ

ಮೊದಲು ಗೊತ್ತಿರಬೇಕಾದ್ದು: ಎದೆ ನೋವು ಬಂದರೆ ಅದನ್ನು ಮನಸ್ಸಿನದ್ದೆಂದು ತಾವೇ ತೀರ್ಮಾನಿಸಬಾರದು. ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಲೇಬೇಕು. ಅದು ಸರಿ ಇದ್ದೂ ಎದೆ ಬಡಿತ, ನಿದ್ದೆಗೇಡು, ಯಾವುದರಲ್ಲೂ ಆಸಕ್ತಿ ಇಲ್ಲದ ಮಂಕು ಎರಡು ವಾರ ಮೀರಿ ಉಳಿದರೆ ಆಗ ಮನಸ್ಸಿನ ಕಡೆ ನೋಡಬೇಕು.

ಅದಕ್ಕೆ ಧಾರವಾಡದವರೆಗೆ ಹೋಗಬೇಕಾಗಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿ ಆಸ್ಪತ್ರೆಯ ವೈದ್ಯರಿಗೇ ಮನೋರೋಗದ ಚಿಕಿತ್ಸೆ ಕಲಿಸಿ ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂತು. ತಾಲೂಕು ಆಸ್ಪತ್ರೆಗೇ ಮಂಗಳವಾರ ಮನೋವೈದ್ಯರು ಬರಲೆಂದು ರಾಜ್ಯ ಸರಕಾರ 'ಮನೋಚೈತನ್ಯ' ಎಂಬ ಯೋಜನೆ ಮಾಡಿತು. ಯಾವ ಮಂಗಳವಾರ, ಎಷ್ಟು ಹೊತ್ತಿಗೆ ಎಂದು ಶಿರಸಿಯ ಪಂಡಿತ ಆಸ್ಪತ್ರೆಯಲ್ಲಾಗಲಿ, ಸಿದ್ದಾಪುರ, ಯಲ್ಲಾಪುರದ ತಾಲೂಕು ಆಸ್ಪತ್ರೆಗಳಲ್ಲಾಗಲಿ ಚೀಟಿ ಮಾಡಿಸುವ ಕಿಟಕಿಯಲ್ಲಿ ಕೇಳಿದರೆ ಆಯ್ತು.

ಅಲ್ಲಿಗೆ ಹೋಗಲೂ ಮುಜುಗರವೇ? ಫೋನು ಇದೆಯಲ್ಲ! 14416. 2022ರ ಅಕ್ಟೋಬರ್ 10ರಂದು ಶುರುವಾದ ಸರಕಾರದ 'ಟೆಲಿ ಮಾನಸ್' ಸಹಾಯವಾಣಿ ಇದು. ಹಗಲು ರಾತ್ರಿ ಎನ್ನದೆ, ಕಾಸು ಖರ್ಚಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ನಸುಕಿನ ಮೂರು ಗಂಟೆಗೆ ಎಚ್ಚರವಾಗಿ ಇನ್ನು ಬದುಕಿ ಏನು ಎಂಬ ಯೋಚನೆ ಬಂದವರು ಬೆಳಗಾಗಲೆಂದು ಕಾಯಬಾರದು. ಆಗಲೇ ಹಚ್ಚಬೇಕು ಆ ನಂಬರು. ಮನೆಯವರನ್ನೂ ಎಬ್ಬಿಸಬೇಕು.

ಪೊಲೀಸ್ ಕೇಸಾದೀತೆಂದು ಹೆದರಿ ಇಂಥ ಸಂಗತಿ ಮುಚ್ಚಿಡುವವರಿದ್ದಾರೆ. 2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆ, ಪ್ರಾಣ ಕಳೆದುಕೊಳ್ಳಲು ಹೊರಟವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ತಿಳಿಯಬೇಕು, ಅವರಿಗೆ ಆರೈಕೆ ಕೊಡಬೇಕು ಎನ್ನುತ್ತದೆ.

"ಆ ಮಾತ್ರೆ ಹಿಡಿದರೆ ಬಿಡಲಿಕ್ಕಿಲ್ಲ" ಎಂಬುದು ಇನ್ನೊಂದು ಅಂಜಿಕೆ. ಅಭ್ಯಾಸವಾಗುವುದು ಚೀಟಿ ಇಲ್ಲದೆ ಅಂಗಡಿಯಲ್ಲಿ ಕೇಳಿ ನುಂಗುವ ನಿದ್ದೆ ಮಾತ್ರೆ. ಖಿನ್ನತೆಗೆ ವೈದ್ಯರು ಕೊಡುವ ಔಷಧಕ್ಕೆ ಆ ಚಟವಿಲ್ಲ. ಅದು ಹಿಡಿಯಲು ಕೆಲವು ವಾರ ಬೇಕು. ಬಿಡುವಾಗಲೂ ವೈದ್ಯರು ಹೇಳಿದಂತೆ ನಿಧಾನವಾಗಿ ಬಿಡಬೇಕು, ಅಷ್ಟೇ. ಎಷ್ಟೋ ಜನರಿಗೆ ಔಷಧವೂ ಬೇಡ, ನಾಲ್ಕಾರು ಸಲ ಕೂತು ಮಾತಾಡಿದರೆ ಸಾಕು.

ಆಡಳಿತವೂ ಕೇಳಲಿ, ಅಂಗಡಿ ಕಟ್ಟೆಯೂ ಕೇಳಲಿ

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಅಂಬ್ಯುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಸತ್ತಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡವೇ ಎದ್ದು ಕೂಗಿತು. ನ್ಯಾಯವಾದ ಕೂಗು. ಆದರೆ ಆ ಬೇಡಿಕೆಯ ಪಟ್ಟಿಯಲ್ಲಿ ಹೃದಯ ಇತ್ತು, ಮೂಳೆ ಇತ್ತು, ಮಿದುಳಿನ ಪೆಟ್ಟೂ ಇತ್ತು. ಮನಸ್ಸಿನ ಹೆಸರು ಎಷ್ಟು ಮಂದಿ ಎತ್ತಿದರು? ಕೇಳದಿದ್ದರೆ ಯಾವ ಸರಕಾರವೂ ಕೊಡುವುದಿಲ್ಲ. ಮನೋವೈದ್ಯರು ಬರುವ ದಿನವನ್ನು ದೊಡ್ಡಕ್ಷರದಲ್ಲಿ ಬಸ್ ನಿಲ್ದಾಣದ ಗೋಡೆಗೆ ಬರೆಸಲು, 14416 ಎಂಬ ಐದಂಕಿಯನ್ನು ಪ್ರತಿ ಬಸ್ಸಿನೊಳಗೆ ಅಂಟಿಸಲು ಕೋಟಿಗಟ್ಟಲೆ ಬಜೆಟ್ ಬೇಕೇ? ಆಡಳಿತದವರು ಇಷ್ಟಾದರೂ ಮಾಡಲಿ.

ಉಳಿದದ್ದು ಅಂಗಡಿ ಕಟ್ಟೆಯ ಕೆಲಸ. ಯಾರ ಮುಖ ಬಾಡಿದೆ, ಯಾರು ನಾಲ್ಕು ದಿನದಿಂದ ಪೇಟೆಗೆ ಬಂದಿಲ್ಲ, ಯಾರು ಇದ್ದಕ್ಕಿದ್ದಂತೆ ಬಾಕಿಯನ್ನೆಲ್ಲ ತೀರಿಸಿ "ಇನ್ನು ನೋಡೂದು ಕಷ್ಟ" ಎಂದು ಹೋದರು ಎನ್ನುವುದು ಡಾಕ್ಟರಿಗಿಂತ ಮೊದಲು ತಿಳಿಯುವುದು ಅಂಗಡಿಕಾರನಿಗೆ, ದಿನಾ ಒಂದೇ ಬಸ್ಸಿನಲ್ಲಿ ಹೋಗುವ ಪಕ್ಕದ ಸೀಟಿನವರಿಗೆ. ಉಪದೇಶ ಬೇಡ. "ಧೈರ್ಯ ತಗೋ" ಎಂಬ ಒಣ ಮಾತೂ ಬೇಡ. "ಎಂತ ಆಯ್ತು? ಕೂತ್ಕೊ, ಹೇಳು" ಎಂದು ಹತ್ತು ನಿಮಿಷ ಕಿವಿಗೊಟ್ಟರೆ, ಬೇಕೆನಿಸಿದರೆ ಮಂಗಳವಾರ ಆಸ್ಪತ್ರೆಗೆ ಜೊತೆಯಾಗಿ ಹೋದರೆ, ಒಂದು ಮನೆ ಉಳಿದೀತು.

ಮುಂದಿನ ಸಲ ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ತಲೆ ತಿರುಗುವುದು ತಪ್ಪಲಿಕ್ಕಿಲ್ಲ. ತಿರುಗಲಿ. ತಿರುಗಿದ ಮೇಲೆ ಮುಖ ಸಿಂಡರಿಸುವ ಬದಲು "ಆರಾಮಿದ್ದೀರಾ?" ಎಂದು ಕೇಳಿದರೆ ಟಿಕೇಟಿನ ದುಡ್ಡೇನೂ ಹೆಚ್ಚಾಗುವುದಿಲ್ಲ.